ಜಿಂಕೆ ಬೇಟೆಗೆ ಚಾಕು ತಗೊಳ್ಳೋ ಮುಂಚೆ

ಎಲ್ರಿಗೂ ನಮಸ್ಕಾರ. ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದ್ಮೇಲೆ ಲೈಸೆನ್ಸ್ ಮಾಡಿಸ್ಕೊಂಡು ಈ ನವೆಂಬರ್‌ನ 9 ದಿನದ ಗನ್ ಸೀಸನ್‌ಗೆ ಮೊದಲ್ನೇ ಸಲ ಹೊರಟಿರೋರು ನಾಕೈದು ಜನ ಇಲ್ಲಿದೀರ, ನಿಮಗೋಸ್ಕರ ಇವತ್ತು ಬಂದೂಕಿನ ಮಾತು ಬಿಟ್ಟು ಬರೀ ಚಾಕು ವಿಷ್ಯ. ಊರಿಗೆ ಹೋದಾಗ ಮಾತ್ರ ಈ ಶೋಕಿ ಬೇಡ ಕಣ್ರಪ್ಪ, ಅಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ.

ಮೊದಲ್ನೇ ವರ್ಷ ನಾನು ಏಳಿಂಚಿನ ಚಾಕು ಸೊಂಟಕ್ಕೆ ಕಟ್ಕೊಂಡು ಸಿನಿಮಾ ವಿಲನ್ ಥರ ಹೋಗಿದ್ದೆ. ಹೊಟ್ಟೆ ಸೀಳೋವಾಗ ಮೊನೆ ಎಲ್ಲಿದೆ ಅಂತಾನೇ ಗೊತ್ತಾಗ್ಲಿಲ್ಲ, ಜಠರಕ್ಕೆ ಚುಚ್ಕೊಂಡು ಒಳಗಿದ್ದ ಹಸಿರು ಮೇವೆಲ್ಲ ಗಂಜಿ ಥರ ಬಾಡಿನ ಮೇಲೆ ಹರೀತು, ಆ ವಾಸನೆ ಈಗ್ಲೂ ಮೂಗಲ್ಲಿದೆ.

ಅಲಗು ಮೂರರಿಂದ ನಾಕಿಂಚು ಇದ್ರೆ ಸಾಕು. ಕೆಲ್ಸ ಅರ್ಧ ಕಣ್ಣಿಗೆ ಕಾಣದ ಕಡೆನೇ ಇರತ್ತೆ, ಎದೆಗೂಡಿನೊಳಕ್ಕೆ ಮೊಣಕೈ ತನಕ ಕೈ ಹಾಕಿ ಗಂಟಲ ಕೊಳವೆ ಕುಯ್ಬೇಕು, ಆಗ ತೋರುಬೆರಳು ಅಲಗಿನ ಬೆನ್ನ ಮೇಲೆ ಮೊನೆ ತನಕ ಹೋಗ್ಬೇಕು. ಬಾಬ್ ಲವ್‌ಲೆಸ್ ಅನ್ನೋ ಚಾಕು ಮಾಡೋರು ಫೇಮಸ್ ಮಾಡಿದ ಡ್ರಾಪ್ ಪಾಯಿಂಟ್ ಇದಕ್ಕೆ ಹೇಳಿ ಮಾಡ್ಸಿದ್ದು, ಬೆನ್ನು ಮೊನೆ ಕಡೆಗೆ ಇಳಿಜಾರಾಗಿರೋದ್ರಿಂದ ಸುಮ್‌ಸುಮ್ನೆ ಚುಚ್ಚಲ್ಲ. ಬಕ್ ಕಂಪನಿಯ 110 ಅನ್ನೋ ಚಾಕು ಎಲ್ರಿಗೂ ಇಷ್ಟ, ನನಗೂ ಇಷ್ಟ, ಆದ್ರೆ ಅದರ ಮೊನೆ ಚೂಪು, ಮೇಲೆ ಮಡಚೋ ಚಾಕು, ಕೀಲೊಳಗೆ ರಕ್ತ ಕೊಬ್ಬು ಸೇರ್ಕೊಂಡ್ರೆ ತೊಳೆದು ಸಾಕಾಗತ್ತೆ.

ಹೊಟ್ಟೆ ಬಿಡಿಸೋವಾಗ ಎರಡು ಬೆರಳನ್ನ ಚರ್ಮದ ಕೆಳಗೆ ತೂರ್ಸಿ ಎತ್ತಿ ಹಿಡ್ಕೊಂಡು, ಬೆರಳ ಮಧ್ಯೆ ಅಲಗಿನ ಬಾಯಿ ಮೇಲ್ಮಾಡಿ ಒಳಗಿಂದ ಹೊರಕ್ಕೆ ಕುಯ್ಯಿರಿ. ಹೊರಗಿಂದ ಕುಯ್ದ್ರೆ ಕೂದ್ಲೆಲ್ಲ ತುಂಡಾಗಿ ಬಾಡಿಗೆ ಅಂಟ್ಕೊಳತ್ತೆ, ಚಾಕೂ ಬೇಗ ಮೊಂಡಾಗತ್ತೆ. ಗಟ್ ಹುಕ್, ಅಂದ್ರೆ ಅಲಗಿನ ಬೆನ್ನಲ್ಲಿ ಹರಿತವಾದ ಕೊಕ್ಕೆ, ಇರೋ ಚಾಕು ಇದಕ್ಕೇ ಅಂತ ಮಾರ್ತಾರೆ, ಹೊಸದಿದ್ದಾಗ ಜಿಪ್ ಎಳ್ದಂಗೆ ಹೋಗತ್ತೆ, ಮೊಂಡಾದ್ಮೇಲೆ ಆ ಕೊಕ್ಕೆಯೊಳಗೆ ಸಾಣೆ ಹಿಡಿಯೋದು ದೊಡ್ಡ ತಲೆನೋವು.

ಇನ್ನು ಸುಲಿಯೋದು. ಊರಲ್ಲಿ ಮಾರಿಹಬ್ಬಕ್ಕೆ ಕುರಿ ಸುಲಿಯೋದನ್ನ ನೋಡಿರ್ತೀರಲ್ಲ, ಚೂರಿ ಬರೀ ಗೀರಕ್ಕೆ, ಆಮೇಲೆ ಮುಷ್ಟಿ ತುರ್ಕಿ ತೊಗಲನ್ನ ನೂಕ್ತಾ ಹೋಗ್ತಾರೆ. ಜಿಂಕೆನೂ ಅಷ್ಟೇ, ಮೈ ಬಿಸಿ ಇರೋವಾಗ್ಲೇ ಮಾಡಿದ್ರೆ ಮುಕ್ಕಾಲು ಭಾಗ ಕೈಯಲ್ಲೇ ಬರತ್ತೆ. ಅಂಟ್ಕೊಂಡಿರೋ ಕಡೆ ಬಿಡಿಸಕ್ಕೆ ಅಲಗಿನ ಬಾಯಿ ಚೆನ್ನಾಗಿ ಬಾಗಿರ್ಬೇಕು, ನೆಟ್ಟಗಿದ್ರೆ ತೊಗಲು ತೂತಾಗತ್ತೆ.

ಉಕ್ಕಿನ ವಿಷ್ಯದಲ್ಲಿ ತಲೆ ಕೆಡಿಸ್ಕೋಬೇಡಿ. ಎಸ್30ವಿ ಅನ್ನೋ ಉಕ್ಕಲ್ಲಿ ಹರಿತ ಜಾಸ್ತಿ ಹೊತ್ತು ನಿಲ್ಲತ್ತೆ, ಆದ್ರೆ ಮನೇಲಿ ಮಸೆಯೋದು ಕಷ್ಟ, ಹೊಸಬರಿಗೆ 420ಹೆಚ್‌ಸಿ ಅನ್ನೋ ಸಾದಾ ಉಕ್ಕು ಸಾಕು. ಬ್ಲೇಡ್ ಬದಲಾಯಿಸೋ ಚಾಕು ಭಯಂಕರ ಹರಿತ, ಆದ್ರೆ ಜಿಂಕೆಯ ಮೂಳೆ ಕೀಲಲ್ಲಿ ತಿರುಚಿದ್ರೆ ಪಟ್ ಅಂತ ಮುರಿದು ಚೂರು ಬಾಡಲ್ಲೇ ಉಳ್ಕೊಳತ್ತೆ.

ಹಿಡಿ ರಬ್ಬರ್‌ದು ತಗೊಳ್ಳಿ, ಆರೆಂಜ್ ಬಣ್ಣದ್ದು, ತರಗೆಲೆ ಮೇಲೆ ಇಟ್ರೆ ಕಂದು ಬಣ್ಣದ ಹಿಡಿ ಮಾಯ. 2002ರಲ್ಲಿ ಈ ರಾಜ್ಯದ ಜಿಂಕೆಗಳಲ್ಲಿ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಅನ್ನೋ, ಮಿದುಳು ಹಾಳು ಮಾಡಿ ಜಿಂಕೆನ ಕೊಲ್ಲೋ ರೋಗ ಸಿಕ್ಕಿದೆ, ಹಾಗಾಗಿ ಗ್ಲೌಸ್ ಹಾಕ್ಲೇಬೇಕು. ಒದ್ದೆ ಗ್ಲೌಸಲ್ಲಿ ಹಿಡಿ ಜಾರ್‍ಬಾರ್ದು, ಅದಕ್ಕೇ ಆ ಟೇಬಲ್ ಮೇಲೆ ನಾಕು ಚಾಕು, ಒಂದು ಬಕೆಟ್ ನೀರು, ಒಂದು ಡಬ್ಬ ಗ್ಲೌಸ್ ಇಟ್ಟಿದೀನಿ, ಗ್ಲೌಸ್ ಹಾಕಿ ಕೈ ಒದ್ದೆ ಮಾಡ್ಕೊಂಡು ಒಂದೊಂದನ್ನೇ ಹಿಡಿದು ನೋಡಿ, ಜಾರಿದ್ದನ್ನ ವಾಪಸ್ ಇಟ್ಬಿಡಿ.