ಟೇಲರ್ ಮನೆತನದ ಗಂಟೆಗಳು

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಲಾಫ್‌ಬರೋ ಊರಿನ ಚರ್ಚಿನಲ್ಲಿ ಹಳೆಯ ಗಂಟೆಗಳನ್ನು ಕರಗಿಸಿ ಹೊಸದಾಗಿ ಎರಕ ಹೊಯ್ಯಬೇಕಿತ್ತು. ಆ ಕೆಲಸಕ್ಕೆಂದು 1839ರಲ್ಲಿ ಜಾನ್ ಟೇಲರ್ ಬಂದರು. ಕೆಲಸ ಮುಗಿದ ಮೇಲೂ ಅಲ್ಲೇ ಉಳಿದರು. ಅವರ ತಂದೆ ರಾಬರ್ಟ್ ಕೂಡ ಇದೇ ಕಸುಬಿನವರು. 1859ರ ಹೊತ್ತಿಗೆ ಫ್ರೀಹೋಲ್ಡ್ ಬೀದಿಗೆ ಬಂದ ಇವರ ಕಾರ್ಖಾನೆ ಇವತ್ತಿಗೂ ಅಲ್ಲೇ ಇದೆ.

ಗಂಟೆಗೆ ಎರಡು ಅಚ್ಚು ಬೇಕು. ಒಳಗೊಂದು, ಹೊರಗೊಂದು. ನಡುವೆ ಉಳಿಯುವ ಸಂದಿಗೆ ಕರಗಿದ ಕಂಚು ಹೊಯ್ಯುತ್ತಾರೆ. ಅಚ್ಚಿನ ಮಣ್ಣಿಗೆ ಮರಳು, ಕುದುರೆ ಲದ್ದಿ, ಆಡಿನ ಕೂದಲು ಕಲಸುತ್ತಾರೆ. ಸುಮ್ನೆ ಅಲ್ಲ. ಕೂದಲು, ಹುಲ್ಲಿನ ನಾರು ಸುಟ್ಟುಹೋದಾಗ ಮಣ್ಣಿನಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ. ಎರಕದ ಬಿಸಿಗೆ ಏಳುವ ಅನಿಲ ಅಲ್ಲಿಂದ ಹೊರಗೆ ಹೋಗುತ್ತದೆ. ಗಂಟೆಯ ಮೇಲೆ ಬರುವ ಅಕ್ಷರಗಳನ್ನು ಹೊರ ಅಚ್ಚಿನ ಒಳಮೈಗೆ ಒಂದೊಂದಾಗಿ ತಿರುಗುಮುರುಗಾಗಿ ಒತ್ತುತ್ತಾರೆ.

1881ರಲ್ಲಿ ಈ ಮನೆತನ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ಗೆ 'ಗ್ರೇಟ್ ಪಾಲ್' ಎಂಬ ಗಂಟೆ ಎರಕ ಹೊಯ್ದಿತು. ತೂಕ 16 ಟನ್‌ಗೂ ಜಾಸ್ತಿ. ಮರುವರ್ಷ ಉಗಿ ಎಂಜಿನ್ ಅದನ್ನು ರಸ್ತೆಯ ಮೇಲೆ ಎಳೆದುಕೊಂಡು ಹೋಯಿತು. ಲಂಡನ್ ಸೇರಲು 11 ದಿನ ಹಿಡಿಯಿತು.

ಆದರೆ ಟೇಲರ್‌ಗಳ ದೊಡ್ಡ ಸಾಧನೆ ತೂಕದಲ್ಲಿಲ್ಲ, ಕಿವಿಯಲ್ಲಿದೆ ಅಂತ ನನಗನ್ನಿಸುತ್ತದೆ. ತಂಬೂರಿ ಮೀಟಿದಾಗ ಮೂಲಸ್ವರದ ಜೊತೆ ಬೇರೆ ಸ್ವರಗಳೂ ಕೇಳಿಸುತ್ತವೆ, ಅಲ್ವಾ? ಗಂಟೆಯಲ್ಲೂ ಹಾಗೆಯೇ. ಅದರಲ್ಲಿ ಐದು ಸ್ವರಗಳು ಮುಖ್ಯ. ಒಂದು ನಮ್ಮ ಕರ್ನಾಟಕ ಸಂಗೀತದ 'ಸಾಧಾರಣ ಗಾಂಧಾರ' ಎಂಬ ಸ್ವರದಂಥದ್ದು. ಗಂಟೆಯ ದನಿಯಲ್ಲಿರುವ ಆ ತುಸು ವಿಷಾದ ಅಲ್ಲಿಂದಲೇ ಬರುತ್ತದೆ. ಈ ಐದೂ ಒಂದಕ್ಕೊಂದು ಹೊಂದಬೇಕು ಎಂದು ಸಿಂಪ್ಸನ್ ಎಂಬ ಪಾದ್ರಿ 1890ರ ದಶಕದಲ್ಲಿ ಬರೆದರು. ಟೇಲರ್‌ಗಳು ಅದನ್ನು ಮಾಡಿ ತೋರಿಸಿದರು. ಗಂಟೆಯನ್ನು ತುಸು ದಪ್ಪಗೆ ಎರಕ ಹೊಯ್ದು, ಬಾಯಿ ಮೇಲೆ ಮಾಡಿ ಯಂತ್ರದಲ್ಲಿ ಕೂರಿಸಿ, ಒಳಮೈಯನ್ನು ಎಳೆ ಎಳೆಯಾಗಿ ತುರಿದರು. ಎಲ್ಲಿ ತುರಿದರೆ ಯಾವ ಸ್ವರ ಇಳಿಯುತ್ತದೆ ಅಂತ ಗೊತ್ತಿರಬೇಕು. ತುರಿದದ್ದನ್ನು ಮತ್ತೆ ಅಂಟಿಸೋಕೆ ಆಗೋದಿಲ್ಲ. ಈ ಪದ್ಧತಿ ಬಂದ ಮೇಲೆ ಗಂಟೆಗಳನ್ನು ಶ್ರುತಿ ಮಾಡುವ ರೀತಿಯೇ ಬದಲಾಯಿತು.

ಆಮೇಲೆ ಮೊದಲನೇ ಮಹಾಯುದ್ಧ ಬಂತು. ಮನೆತನದ ಜಾನ್ ವಿಲಿಯಂ ಟೇಲರ್ ಅವರ ಮೂವರು ಗಂಡುಮಕ್ಕಳು ಫ್ರಾನ್ಸಿನ ರಣರಂಗದಲ್ಲಿ ತೀರಿಹೋದರು. ತಂದೆಯೂ 1919ರಲ್ಲಿ ಹೋದರು. ಯುದ್ಧದಲ್ಲಿ ಮಡಿದವರ ನೆನಪಿಗೆ ಲಾಫ್‌ಬರೋ ಜನ ಗೋಪುರ ಕಟ್ಟಲು ಹೊರಟಾಗ ಅದರ 47 ಗಂಟೆಗಳನ್ನು ಎರಕ ಹೊಯ್ದದ್ದು ಇದೇ ಕಾರ್ಖಾನೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನಾಲ್ಕು ಟನ್ ಮೀರುತ್ತದೆ. ಅದನ್ನು ತೀರಿಹೋದ ಆ ಮಕ್ಕಳ ಚಿಕ್ಕಪ್ಪ ಡೆನಿಸನ್ ಟೇಲರ್ ತಾವೇ ಕಾಣಿಕೆಯಾಗಿ ಕೊಟ್ಟರು. ಅದರ ಮೇಲೆ ಆ ಮೂವರು ಹುಡುಗರ ಹೆಸರಿದೆ. ಊರೂರಿಗೆ ಸ್ಮಾರಕ ಗಂಟೆ ಮಾಡಿಕೊಟ್ಟ ಮನೆ, ತನ್ನ ಮಕ್ಕಳ ಹೆಸರನ್ನೂ ಕಂಚಿನಲ್ಲಿ ಬರೆಯಬೇಕಾಯಿತು. ಗೋಪುರ 1923ರಲ್ಲಿ ಉದ್ಘಾಟನೆಯಾಯಿತು.

ಕಾರ್ಖಾನೆ ನಡೆಸಿದ ಟೇಲರ್‌ಗಳಲ್ಲಿ ಕೊನೆಯವರಾದ ಪಾಲ್ ಟೇಲರ್ 1981ರಲ್ಲಿ ತೀರಿಕೊಂಡರು. 2009ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂತು. ಹೊಸಬರು ಮುಂದೆ ಬಂದು ಉಳಿಸಿಕೊಂಡರು. ಫ್ರೀಹೋಲ್ಡ್ ಬೀದಿಯಲ್ಲಿ ಈಗಲೂ ಎರಕ ನಡೆಯುತ್ತದೆ, ಪಕ್ಕದಲ್ಲೇ ಒಂದು ಮ್ಯೂಸಿಯಂ ಕೂಡ ಇದೆ. ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡದ ಕೇಳುಗರು ಬಿಡುವು ಮಾಡಿಕೊಂಡು ಒಮ್ಮೆ ಹೋಗಿ ಬನ್ನಿ. ನಮಸ್ಕಾರ.