ರೇಸ್ ಸರ್ಕ್ಯೂಟ್‌ನಲ್ಲಿ ಎಲ್ಲಿ ಕುಳಿತುಕೊಳ್ಳಬೇಕು? ಟಿಕೆಟ್ ಕೊಳ್ಳುವ ಮೊದಲು ಗೇರ್ ಎಣಿಸಿ

[ದೃಶ್ಯ: ಮುಖ್ಯ ಗ್ಯಾಲರಿಯ ಕೆಳಸಾಲಿನಿಂದ ತೆಗೆದದ್ದು. ಒಂದು ಕಾರು ಎಡದಿಂದ ಬಲಕ್ಕೆ ಹಾದುಹೋಗುತ್ತದೆ. ಕ್ಯಾಮೆರಾ ಹೊರಳುವಷ್ಟರಲ್ಲಿ ರಸ್ತೆ ಖಾಲಿ.]

ನೋಡಿದಿರಾ? ಇನ್ನೊಮ್ಮೆ ತೋರಿಸುತ್ತೇನೆ.

[ಅದೇ ದೃಶ್ಯ ಮತ್ತೊಮ್ಮೆ, ವೇಗ ತಗ್ಗಿಸದೆ.]

ಗಂಟೆಗೆ 300 ಕಿಲೋಮೀಟರ್ ಎಂದರೆ ಸೆಕೆಂಡಿಗೆ 83 ಮೀಟರ್. ಯಾವ ತಂಡದ ಕಾರು, ಒಳಗಿರುವ ಚಾಲಕ ಯಾರು ಎಂದು ಗುರುತು ಹಿಡಿಯುವ ಮೊದಲೇ ಅದು ಮರೆಯಾಗಿರುತ್ತದೆ.

ನಮಸ್ಕಾರ. ನಾನು ಮೊದಲ ಸಲ ರೇಸ್ ನೋಡಲು ಹೋದಾಗ ಕುಳಿತದ್ದು ಇಂಥದೇ ಜಾಗದಲ್ಲಿ. ಎಲ್ಲಕ್ಕಿಂತ ದುಬಾರಿ ಟಿಕೆಟ್ ಇದು, ಆದ್ದರಿಂದ ಎಲ್ಲಕ್ಕಿಂತ ಒಳ್ಳೆಯ ಜಾಗವೂ ಇದೇ ಇರಬೇಕು ಎಂದು ನಂಬಿದ್ದೆ. ಐದು ಕೆಂಪು ದೀಪಗಳು ಒಟ್ಟಿಗೆ ಆರಿ, ಕಾರುಗಳೆಲ್ಲ ಒಮ್ಮೆಗೇ ನುಗ್ಗಿದಾಗ ಮೈ ಜುಮ್ಮೆಂದಿತು. ಆದರೆ ಐದನೇ ಲ್ಯಾಪ್ (ಸುತ್ತು) ಹೊತ್ತಿಗೆ ನನ್ನ ಕಣ್ಣು ರಸ್ತೆಯನ್ನು ಬಿಟ್ಟು ಎದುರಿನ ದೊಡ್ಡ ಪರದೆಗೆ ಅಂಟಿಕೊಂಡಿತ್ತು. ವೇಗವನ್ನು ನೋಡಬೇಕೆಂದು ಹೋಗಿ, ವೇಗ ಕಣ್ಣಿಗೇ ದಕ್ಕದ ಕಡೆ ಕುಳಿತಿದ್ದೆ.

ಅಂದಿನಿಂದ ನಾನು ಆಸನ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಜಾಗದಲ್ಲಿ ಚಾಲಕನಿಗೆ ಎಷ್ಟು ಕೆಲಸವಿದೆ?

ಮೊದಲು ಒಂದು ಸಣ್ಣ ಲೆಕ್ಕ.

[ಪರದೆಯ ಮೇಲೆ: 400 ಮೀಟರ್ ನೇರ ರಸ್ತೆ; ಪಕ್ಕದಲ್ಲಿ 400 ಮೀಟರ್ ತಿರುವುಗಳು.]

ನಿಮ್ಮ ಆಸನದಿಂದ 400 ಮೀಟರ್ ರಸ್ತೆ ಕಾಣುತ್ತದೆ ಎಂದಿಟ್ಟುಕೊಳ್ಳಿ. ಅದು ನೇರ ರಸ್ತೆಯಾಗಿದ್ದು, ಕಾರು 300ರ ವೇಗದಲ್ಲಿದ್ದರೆ, ಅದು ನಿಮ್ಮ ಕಣ್ಣೆದುರು ಇರುವುದು ಐದು ಸೆಕೆಂಡಿಗಿಂತ ಕಡಿಮೆ. ಅಷ್ಟೇ ಉದ್ದದಲ್ಲಿ ಎರಡು ಮೂರು ನಿಧಾನದ ತಿರುವುಗಳಿದ್ದು ಸರಾಸರಿ ವೇಗ 100ಕ್ಕೆ ಇಳಿದರೆ ಹದಿನಾಲ್ಕು ಸೆಕೆಂಡು ಸಿಗುತ್ತದೆ. ಇಟಲಿಯ ಮೊಂಜಾದಲ್ಲಿ ಫಾರ್ಮುಲಾ ಒನ್ ರೇಸ್ ಎಂದರೆ 53 ಲ್ಯಾಪ್. ಹಾಗಾದರೆ ನಿಮ್ಮ ನೆಚ್ಚಿನ ಚಾಲಕ ಇಡೀ ರೇಸ್‌ನಲ್ಲಿ ಮೊದಲ ಜಾಗದಿಂದ ಕಾಣುವುದು ನಾಲ್ಕು ನಿಮಿಷ ಚಿಲ್ಲರೆ. ಎರಡನೆಯ ಜಾಗದಿಂದ ಹನ್ನೆರಡೂವರೆ ನಿಮಿಷಕ್ಕೂ ಹೆಚ್ಚು.

ಲ್ಯಾಪ್ ಉದ್ದವೂ ಈ ಲೆಕ್ಕಕ್ಕೆ ಸೇರಬೇಕು. ಬೆಲ್ಜಿಯಂನ ಸ್ಪಾ-ಫ್ರಾಂಕೋರ್ಶಾನ್ 7.004 ಕಿಲೋಮೀಟರ್, ಕಾರುಗಳು 44 ಸಲ ನಿಮ್ಮೆದುರು ಬರುತ್ತವೆ. ಮೊನಾಕೊ 3.337 ಕಿಲೋಮೀಟರ್, ಅಲ್ಲಿ 78 ಸಲ. ಉದ್ದದ ಸರ್ಕ್ಯೂಟ್‌ನಲ್ಲಿ ಪ್ರತಿ ಸಲವೂ ಬೆಲೆಬಾಳುತ್ತದೆ, ಆದ್ದರಿಂದ ಅಲ್ಲಿ ಆಸನದ ಆಯ್ಕೆ ಇನ್ನೂ ಮುಖ್ಯ.

ನಿಧಾನದ ತಿರುವು ಎಲ್ಲಿದೆ ಎಂದು ಟಿಕೆಟ್ ಪುಟದ ನಕ್ಷೆಯಲ್ಲೇ ಕಾಣುತ್ತದಲ್ಲ ಎಂದು ನಿಮಗೆ ಅನ್ನಿಸಬಹುದು. ಆ ನಕ್ಷೆಯನ್ನು ಪೂರ್ತಿ ನಂಬಬೇಡಿ. ಕಾಗದದ ಮೇಲೆ ಅಕ್ಕತಂಗಿಯರಂತೆ ಕಾಣುವ ಎರಡು ತಿರುವುಗಳಲ್ಲಿ ಒಂದನ್ನು ಚಾಲಕ ಆಕ್ಸಿಲರೇಟರ್‌ನಿಂದ ಕಾಲೆತ್ತದೆ ದಾಟುತ್ತಾನೆ, ಇನ್ನೊಂದಕ್ಕೆ ಮೂರನೇ ಗೇರಿಗೆ ಇಳಿಯುತ್ತಾನೆ. ಏರು ಯಾವುದು, ಇಳಿಜಾರು ಯಾವುದು ಎಂಬುದೂ ನಕ್ಷೆಯಲ್ಲಿಲ್ಲ. ನಾನು ಮಾಡುವುದು ಹೀಗೆ.

[ದೃಶ್ಯ: ಚಾಲಕನ ತಲೆಯ ಮೇಲಿನ ಕ್ಯಾಮೆರಾದಿಂದ ಮೊಂಜಾದ ಒಂದು ಲ್ಯಾಪ್. ಮೂಲೆಯಲ್ಲಿ ವೇಗ ಮತ್ತು ಗೇರ್ ಅಂಕಿ.]

ನೀವು ಹೋಗಬೇಕೆಂದಿರುವ ಸರ್ಕ್ಯೂಟ್‌ನ ಇಂಥ ಒಂದು ವಿಡಿಯೋ ಹುಡುಕಿ. ಮೊದಲ ಸಲ ಕಣ್ಣು ಮುಚ್ಚಿ ಕೇಳಿ. ಎಂಜಿನ್ ಒಂದೇ ಸಮನೆ ಕೂಗುತ್ತದೆ, ಕೂಗುತ್ತದೆ, ಆಮೇಲೆ ಥಟ್ಟನೆ ಮೆಟ್ಟಿಲಿಳಿದಂತೆ ಸದ್ದು ಮುರಿಯುತ್ತಾ ಹೋಗುತ್ತದೆ. ಈಗ ಕಣ್ಣು ತೆರೆದು ಗೇರ್ ಎಣಿಸಿ. ಎಂಟು, ಏಳು, ಆರು, ಐದು, ನಾಲ್ಕು, ಮೂರು, ಎರಡು. ಇದು ಮೊಂಜಾದ ಮೊದಲ ಚಿಕೇನ್, ಅಂದರೆ ವೇಗ ತಗ್ಗಿಸಲೆಂದು ಮಾಡಿದ ಎಡಬಲದ ಬಿಗಿ ತಿರುವು. ಗಂಟೆಗೆ 340 ಕಿಲೋಮೀಟರ್‌ಗೂ ಮೀರಿದ ವೇಗ ಕೆಲವೇ ಕ್ಷಣಗಳಲ್ಲಿ 100ಕ್ಕಿಂತ ಕೆಳಕ್ಕೆ ಬರುತ್ತದೆ.

ಇಲ್ಲಿ ವಿಡಿಯೋ ನಿಲ್ಲಿಸಿ.

[ದೃಶ್ಯ ನಿಲ್ಲುತ್ತದೆ. ಅಂಚಿನ ಗ್ಯಾಲರಿಯ ಸುತ್ತ ಹಳದಿ ಗೆರೆ.]

ಈ ಕಾರಿನಿಂದ ಯಾವ ಗ್ಯಾಲರಿ ಕಾಣುತ್ತಿದೆ? ಕಾರಿಗೆ ಗ್ಯಾಲರಿ ಕಂಡರೆ ಗ್ಯಾಲರಿಗೂ ಕಾರು ಕಾಣುತ್ತದೆ. ಇನ್ನು ಸ್ವಲ್ಪ ಮುಂದಕ್ಕೆ ಓಡಿಸಿ ಮತ್ತೆ ನಿಲ್ಲಿಸಿ. ಅದೇ ಗ್ಯಾಲರಿ ಎಷ್ಟು ಹೊತ್ತಿನವರೆಗೆ ಕಣ್ಣಳತೆಯಲ್ಲಿದೆ ಎಂದು ನೋಡಿ. ಹೀಗೆ ಎಣಿಸಿದ ಸೆಕೆಂಡುಗಳೇ ನಿಮ್ಮ ಆಸನದ ನಿಜವಾದ ಬೆಲೆ. ಅರ್ಧ ಗಂಟೆ ಕುಳಿತರೆ ಇಡೀ ಸರ್ಕ್ಯೂಟ್ ಹೀಗೆ ಅಳೆದು ಮುಗಿಸಬಹುದು.

ಹಲವು ಗೇರ್ ಒಟ್ಟಿಗೆ ಇಳಿಯುವ ಜಾಗದ ಮೇಲೆ ನನಗೆ ಇಷ್ಟೊಂದು ಪ್ರೀತಿ ಏಕೆ ಎಂದು ಹೇಳಿಬಿಡುತ್ತೇನೆ. ತಿರುವಿಗೆ ಮುಂಚೆ ರಸ್ತೆಯ ಬದಿಯಲ್ಲಿ ಅಂಕಿ ಬರೆದ ಹಲಗೆಗಳು ನಿಂತಿರುತ್ತವೆ: 150, 100, 50. ತಿರುವಿಗೆ ಇನ್ನೆಷ್ಟು ಮೀಟರ್ ಉಳಿದಿದೆ ಎಂದು ಅವು ಚಾಲಕನಿಗೆ ಹೇಳುತ್ತವೆ. ನಿಮ್ಮ ಆಸನದಿಂದ 100ರ ಹಲಗೆ ಕಾಣುತ್ತಿದ್ದರೆ ಅದೊಂದನ್ನೇ ದಿಟ್ಟಿಸಿ. ಒಬ್ಬ ಹಲಗೆಗಿಂತ ಒಂದು ಕಾರಿನುದ್ದ ಮೊದಲೇ ಬ್ರೇಕ್ ಒತ್ತುತ್ತಾನೆ. ಇನ್ನೊಬ್ಬ ಹಲಗೆಯ ಪಕ್ಕಕ್ಕೆ ಬರುವವರೆಗೂ ತಡೆಯುತ್ತಾನೆ. ಮೂರನೆಯವನು ಅದನ್ನೂ ದಾಟುತ್ತಾನೆ, ಮುಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸಿ ನೆಲಕ್ಕೆ ಉಜ್ಜುತ್ತದೆ, ಟೈರ್‌ನಿಂದ ಬಿಳಿ ಹೊಗೆ ಏಳುತ್ತದೆ, ಗಾಳಿ ಇತ್ತ ಬೀಸಿದರೆ ಸುಟ್ಟ ರಬ್ಬರಿನ ವಾಸನೆ ನಿಮ್ಮ ಸಾಲಿನವರೆಗೂ ಬರುತ್ತದೆ. ಚಾಲಕರ ನಡುವಿನ ವ್ಯತ್ಯಾಸ ಬರಿಗಣ್ಣಿಗೆ ಇಷ್ಟು ಸ್ಪಷ್ಟವಾಗಿ ಕಾಣುವ ಜಾಗ ಇನ್ನೊಂದಿಲ್ಲ. ಒಬ್ಬರನ್ನೊಬ್ಬರು ಹಿಂದಿಕ್ಕುವುದೂ ಹೆಚ್ಚಾಗಿ ಇಲ್ಲೇ. ಹಿಂದಿನವನು ಒಳಮಗ್ಗುಲಿಗೆ ಸರಿದು ಮೂತಿ ತೂರಿಸಿದ ಆ ಕ್ಷಣದಲ್ಲಿ ಮುಂದಿನವನು ಜಾಗ ಬಿಡಬೇಕೋ ಬಾಗಿಲು ಹಾಕಬೇಕೋ ತೀರ್ಮಾನಿಸಬೇಕು. ಆ ತೀರ್ಮಾನವನ್ನು ನೀವು ಕಣ್ಣಾರೆ ನೋಡುತ್ತೀರಿ.

2000ರ ಬೆಲ್ಜಿಯಂ ಗ್ರ್ಯಾಂಡ್ ಪ್ರಿಯಲ್ಲಿ ಮಿಕಾ ಹಾಕಿನೆನ್ ಮೈಕಲ್ ಶೂಮಾಕರ್ ಅವರನ್ನು ದಾಟಿದ್ದನ್ನು ರೇಸ್ ಪ್ರಿಯರು ಇಂದಿಗೂ ನೆನೆಯುತ್ತಾರೆ. 44ರಲ್ಲಿ 41ನೇ ಲ್ಯಾಪ್. ಸ್ಪಾದ ಕೆಮ್ಮೆಲ್ ನೇರ ರಸ್ತೆಯಲ್ಲಿ ಒಂದು ಲ್ಯಾಪ್ ಹಿಂದೆ ಬಿದ್ದಿದ್ದ ರಿಕಾರ್ಡೊ ಜೊಂಟಾ ಅವರ ಕಾರಿನ ಒಂದು ಪಕ್ಕದಿಂದ ಶೂಮಾಕರ್, ಇನ್ನೊಂದು ಪಕ್ಕದಿಂದ ಹಾಕಿನೆನ್. ಲೆ ಕೊಂಬ್ ತಿರುವಿಗೆ ಬರುವಷ್ಟರಲ್ಲಿ ಹಾಕಿನೆನ್ ಮುಂದಿದ್ದರು, ಗೆದ್ದದ್ದೂ ಅವರೇ. ಅಂದು ಆ ತಿರುವಿನಲ್ಲಿ ನಿಂತಿದ್ದವರ ಕಡೆಗೆ ಮೂರು ಕಾರುಗಳೂ ಅಕ್ಕಪಕ್ಕವಾಗಿ ನುಗ್ಗಿ ಬಂದಿದ್ದವು. ಆರಂಭದ ಗೆರೆಯ ಎದುರು ಕುಳಿತವರಿಗೆ ಆ ಕ್ಷಣ ಕಣ್ಣಳತೆಯ ಆಚೆಗಿತ್ತು.

ಹಾಗೆಂದು ಮುಖ್ಯ ಗ್ಯಾಲರಿ ಬೇಡವೇ ಬೇಡ ಎನ್ನಲಾರೆ. ರೇಸ್‌ನ ಲೆಕ್ಕಾಚಾರದಲ್ಲಿ ಆಸಕ್ತಿ ಇರುವವರಿಗೆ ಪಿಟ್ (ರೇಸ್ ನಡುವೆ ಕಾರು ಟೈರ್ ಬದಲಿಸಲು ನಿಲ್ಲುವ ತಾಣ) ಎದುರಿನ ಜಾಗ ಹೇಳಿ ಮಾಡಿಸಿದ್ದು. ನಾಲ್ಕು ಟೈರ್ ಬದಲಿಸುವ ಕೆಲಸ ಎರಡು ಮೂರು ಸೆಕೆಂಡಿನಲ್ಲಿ ಮುಗಿಯುತ್ತದೆ; 2023ರಲ್ಲಿ ಕತಾರ್‌ನಲ್ಲಿ ಮೆಕ್‌ಲಾರೆನ್ ತಂಡ 1.80 ಸೆಕೆಂಡಿನಲ್ಲಿ ಮುಗಿಸಿತ್ತು. ಆ ಕೈಚಳಕವನ್ನು ಎದುರಿನಿಂದ ನೋಡುವುದು ಬೇರೆಯದೇ ಸುಖ. ಅಲ್ಲೇ ಕೂರುವುದಾದರೆ ಎರಡು ಮಾತು ನೆನಪಿಡಿ. ಗ್ಯಾರೇಜ್‌ಗಳು ಸಾಮಾನ್ಯವಾಗಿ ಹಿಂದಿನ ವರ್ಷದ ತಂಡಗಳ ಶ್ರೇಯಾಂಕದ ಕ್ರಮದಲ್ಲೇ ಸಾಲುಗಟ್ಟಿರುತ್ತವೆ, ಆದ್ದರಿಂದ ನಿಮ್ಮ ತಂಡ ಸುಮಾರು ಎಲ್ಲಿರುತ್ತದೆ ಎಂದು ಮೊದಲೇ ಊಹಿಸಬಹುದು. ಎರಡನೆಯದು, ಮೇಲಿನ ಸಾಲು ತೆಗೆದುಕೊಳ್ಳಿ. ಕೆಳಸಾಲಿನಲ್ಲಿ ಕುಳಿತರೆ ಪಿಟ್ ಗೋಡೆಯೂ ಅದರ ಮೇಲೆ ತಂಡದವರು ಕೂರುವ ಕಟ್ಟೆಯೂ ಅಡ್ಡ ಬಂದು, ಕಾರಿನ ಬದಲು ಹೆಲ್ಮೆಟ್‌ಗಳಷ್ಟೇ ಕಾಣುತ್ತವೆ.

ವೇಗದ ತಿರುವುಗಳ ವಿಷಯ ಸ್ವಲ್ಪ ಬೇರೆ. ಬ್ರಿಟನ್ನಿನ ಸಿಲ್ವರ್‌ಸ್ಟೋನ್‌ನಲ್ಲಿ ಮ್ಯಾಗಟ್ಸ್, ಬೆಕೆಟ್ಸ್, ಚಾಪೆಲ್ ಎಂಬ ತಿರುವುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಎಡಕ್ಕೆ ವಾಲಿದ ಕಾರು ಉಸಿರು ಬಿಡುವ ಮೊದಲೇ ಬಲಕ್ಕೆ ವಾಲುತ್ತದೆ. ಟಿವಿಯಲ್ಲಿ ಅದು ಹಳಿಯ ಮೇಲೆ ಓಡಿದಂತೆ ಸಲೀಸು. ಎದುರಿಗೆ ನಿಂತರೆ ಕಾರಿನ ಮೇಲೆ ಬೀಳುವ ಒತ್ತಡ ನಿಮ್ಮ ಪಕ್ಕೆಗೇ ತಾಗಿದಂತಾಗುತ್ತದೆ. ಸ್ಪಾದ ರೆಡಿಯೋಂ ಏರೂ ಹಾಗೆಯೇ: ದೂರದ ಲೆನ್ಸ್ ಆ ಕಡಿದಾದ ಏರನ್ನು ಚಪ್ಪಟೆ ಮಾಡಿಬಿಡುತ್ತದೆ, ಬುಡದಲ್ಲಿ ನಿಂತು ಕತ್ತೆತ್ತಿದವರಿಗೇ ಗೊತ್ತು ಅದೊಂದು ಗೋಡೆ ಎಂದು. ಇಂಥ ಕಡೆ ಹಿಂದಿಕ್ಕುವುದು ಅಪರೂಪ. ಆದ್ದರಿಂದ ನನ್ನ ಸಲಹೆ ಇದು: ರೇಸ್‌ನಲ್ಲಿ ಯಾರು ಎಷ್ಟನೇ ಸ್ಥಾನದಿಂದ ಹೊರಡಬೇಕೆಂದು ತೀರ್ಮಾನಿಸುವ ಶನಿವಾರದ ಅರ್ಹತಾ ಸುತ್ತಿಗೆ ವೇಗದ ತಿರುವು, ಭಾನುವಾರದ ರೇಸ್‌ಗೆ ಬ್ರೇಕ್ ಜಾಗ. ಶನಿವಾರ ಪ್ರತಿ ಕಾರೂ ಒಂಟಿಯಾಗಿ ತನ್ನ ಕೊನೆಯ ಶಕ್ತಿಯವರೆಗೂ ಓಡುತ್ತದೆ. ಅದನ್ನು ನೋಡಬೇಕಾದದ್ದು ಇಂಥ ತಿರುವಿನಲ್ಲೇ. ಎರಡು ದಿನಕ್ಕೂ ಒಂದೇ ಆಸನ ಎಂದಾದರೆ ಬ್ರೇಕ್ ಜಾಗಕ್ಕೇ ನನ್ನ ಮತ.

ತಿರುವು ಗೊತ್ತಾಯಿತು. ಇನ್ನು ಅದರ ಯಾವ ಮಗ್ಗುಲು?

[ಪರದೆಯ ಮೇಲೆ: ಒಂದು ಹೇರ್‌ಪಿನ್ ತಿರುವಿನ (ಕೂದಲ ಪಿನ್ನಿನಂತೆ ಹಿಂದಕ್ಕೆ ಮಡಚಿದ ತಿರುವು) ನಕ್ಷೆ.]

ಹೊರಮಗ್ಗುಲಲ್ಲಿ ಕಾರುಗಳು ನೇರ ನಿಮ್ಮ ಮುಖಕ್ಕೇ ಬರುತ್ತವೆ. ನೋಟ ಅದ್ಭುತ. ಆದರೆ ಹತೋಟಿ ತಪ್ಪಿದ ಕಾರು ನಿಲ್ಲಲೆಂದು ಅಲ್ಲಿ ಜಲ್ಲಿ ಹಾಸನ್ನೋ ಡಾಂಬರು ಬಯಲನ್ನೋ ಬಿಟ್ಟಿರುತ್ತಾರೆ. ನೇರ ರಸ್ತೆ ಉದ್ದವಾದಷ್ಟೂ ಆ ಬಯಲು ದೊಡ್ಡದು, ನಿಮ್ಮ ಗ್ಯಾಲರಿ ದೂರ. ಒಳಮಗ್ಗುಲು ಹೆಚ್ಚಾಗಿ ಹತ್ತಿರ. ಕಾರು ನಿಮ್ಮನ್ನು ಸುತ್ತು ಹಾಕಿದಂತೆ ಹೋಗುತ್ತದೆ. ಉಪಗ್ರಹ ಚಿತ್ರ ತೆರೆದು ರಸ್ತೆಯಿಂದ ಗ್ಯಾಲರಿಗೆ ಇರುವ ದೂರ ಅಳೆದರೆ ಅನುಮಾನ ಉಳಿಯುವುದಿಲ್ಲ.

ಎತ್ತರದ ಬಗ್ಗೆ ಮಾತ್ರ ನನ್ನಲ್ಲಿ ಎರಡು ಮಾತಿಲ್ಲ. ಮೇಲೆ ಕುಳಿತುಕೊಳ್ಳಿ. ಕಾರಣ ಬೇಲಿ.

[ದೃಶ್ಯ: ಕಿಟಕಿಯ ಸೊಳ್ಳೆ ಪರದೆ. ಕ್ಯಾಮೆರಾ ಎದುರಿನಿಂದ ನಿಧಾನವಾಗಿ ಓರೆಗೆ ಸರಿಯುತ್ತದೆ.]

ಈ ಪರದೆಯನ್ನು ನೋಡಿ. ನೇರವಾಗಿ ನೋಡಿದರೆ ಆಚೆಗಿನ ಮರ ಸ್ಪಷ್ಟ. ಓರೆಯಾಗಿ ನೋಡುತ್ತಾ ಹೋದಂತೆ ಎಳೆಗಳೆಲ್ಲ ಒಂದರ ಮೇಲೊಂದು ಬಂದು ಗೋಡೆಯಾಗಿಬಿಡುತ್ತವೆ. ಸರ್ಕ್ಯೂಟ್‌ನ ತಂತಿ ಬೇಲಿಯೂ ಹೀಗೆಯೇ. ಮೊದಲ ಸಾಲಿನಲ್ಲಿ ಕುಳಿತವರಿಗೆ ಎದುರಿನ ತುಂಡು ರಸ್ತೆ ಬಿಟ್ಟರೆ ಎಡಬಲದ್ದೆಲ್ಲ ಬೂದು ಬಣ್ಣದ ಪಟ್ಟಿ. ಬೇಲಿಯ ತಲೆಯ ಮೇಲಿನಿಂದ ನೋಡುವಷ್ಟು ಎತ್ತರಕ್ಕೆ ಹೋದರೆ ಮಾತ್ರ ಕಾರು ಬರುವುದನ್ನೂ ಹೋಗುವುದನ್ನೂ ಪೂರ್ತಿ ನೋಡಬಹುದು. ಫೋಟೋ ತೆಗೆಯುವ ಆಸೆ ಇರುವವರಿಗೆ ಇದು ಇನ್ನೂ ಹೆಚ್ಚು ಅನ್ವಯ.

ಬಿಸಿಲಿನ ದಿಕ್ಕನ್ನೂ ನಕ್ಷೆಯಲ್ಲಿ ನೋಡಿಕೊಳ್ಳಿ. ಯೂರೋಪಿನ ಹೆಚ್ಚಿನ ಫಾರ್ಮುಲಾ ಒನ್ ರೇಸ್‌ಗಳು ಸ್ಥಳೀಯ ಸಮಯ ಮಧ್ಯಾಹ್ನ ಮೂರಕ್ಕೆ ಶುರುವಾಗುತ್ತವೆ. ಪಶ್ಚಿಮಕ್ಕೆ ಮುಖ ಮಾಡಿದ ಗ್ಯಾಲರಿಯಾದರೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಪೂರ್ವಕ್ಕೆ ಮುಖ ಮಾಡಿದ್ದರೆ ಬೆನ್ನ ಹಿಂದಿರುತ್ತಾನೆ. ಚಾವಣಿ ಇದ್ದರೆ ಮಳೆಗೂ ಬಿಸಿಲಿಗೂ ಒಳ್ಳೆಯದು, ಆದರೆ ಅದರ ಕಂಬ ನಿಮ್ಮ ಸಾಲಿಗೆ ಅಡ್ಡವಿಲ್ಲ ಎಂದು ಖಚಿತಪಡಿಸಿಕೊಳ್ಳಿ. ದೊಡ್ಡ ಪರದೆ ಕಾಣದ ಗ್ಯಾಲರಿಯನ್ನು ಮಾತ್ರ, ಎಷ್ಟೇ ಅಗ್ಗವಾದರೂ, ರೇಸ್ ದಿನಕ್ಕೆ ತೆಗೆದುಕೊಳ್ಳಬೇಡಿ. ಪಿಟ್‌ಗೆ ಹೋದವರು ಹೋಗಿ ಬಂದ ಮೇಲೆ ಯಾರು ಎಷ್ಟನೇ ಸ್ಥಾನದಲ್ಲಿದ್ದಾರೆ ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ.

ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಹೋಗುವವರು ಆಸನಕ್ಕಿಂತ ಮೊದಲು ಗೇಟ್ ನೋಡಿ. ಐದಾರು ಕಿಲೋಮೀಟರ್ ಸುತ್ತಳತೆಯ ಸರ್ಕ್ಯೂಟ್‌ನಲ್ಲಿ ತಪ್ಪು ಗೇಟಿನಿಂದ ಒಳಬಂದರೆ ಅರ್ಧ ಸುತ್ತು ನಡೆಯಬೇಕಾಗುತ್ತದೆ. ರಸ್ತೆ ದಾಟಲು ಇರುವುದು ಸೇತುವೆ ಅಥವಾ ಸುರಂಗ ಮಾತ್ರ. ರೇಸ್ ಮುಗಿದ ಮೇಲೆ ಎಲ್ಲರೂ ಅಲ್ಲೇ ಸೇರುತ್ತಾರೆ. ಮಕ್ಕಳ ಕಿವಿಗೆ ರಕ್ಷಣೆ ಕಡ್ಡಾಯ.

ಇದುವರೆಗೆ ಹೇಳಿದ್ದು ಹೆಚ್ಚಾಗಿ ಫಾರ್ಮುಲಾ ಒನ್‌ಗೆ. ಬೈಕ್ ರೇಸ್‌ನಲ್ಲಿ ಸವಾರ ಮೊಣಕೈ ನೆಲಕ್ಕೆ ತಾಗುವಷ್ಟು ವಾಲುವುದೇ ಚೆಲುವು, ಆದ್ದರಿಂದ ಎಡಬಲ ಹೊರಳುವ ಜೋಡಿ ತಿರುವು ಹುಡುಕಿ. ಅಮೆರಿಕದ ಬ್ರಿಸ್ಟಲ್‌ನಂಥ ಸಣ್ಣ ಅಂಡಾಕಾರದ ಟ್ರ್ಯಾಕ್‌ನಲ್ಲಿ ಮೇಲಿನ ಸಾಲಿನಿಂದ ಇಡೀ ರಸ್ತೆ ಕಾಣುತ್ತದೆ; ಅಲ್ಲಿ ಎತ್ತರವೊಂದೇ ಲೆಕ್ಕ. 24 ಗಂಟೆಯ ರೇಸ್ ನಡೆಯುವ, 13.626 ಕಿಲೋಮೀಟರ್‌ನ ಫ್ರಾನ್ಸಿನ ಲೆ ಮಾನ್‌ನಲ್ಲಿ ಅಷ್ಟು ಹೊತ್ತೂ ಒಂದೇ ಕಡೆ ಕೂರುವ ಅಗತ್ಯವೇ ಇಲ್ಲ. ಕತ್ತಲಾದ ಮೇಲೆ ಒಂದು ಬ್ರೇಕ್ ಜಾಗಕ್ಕೆ ಹೋಗಿ ನಿಲ್ಲಿ. ಚಕ್ರದೊಳಗಿನ ಬ್ರೇಕ್ ಡಿಸ್ಕ್ ಕಮ್ಮಾರನ ಕುಲುಮೆಯ ಕಬ್ಬಿಣದಂತೆ ಕೆಂಪಗೆ ಹೊಳೆದು, ತಿರುವು ದಾಟಿದೊಡನೆ ಮಂಕಾಗುವುದನ್ನು ನೋಡಬಹುದು.

ಕೊನೆಯದಾಗಿ ಶುಕ್ರವಾರ. ಕೆಲವು ಸರ್ಕ್ಯೂಟ್‌ಗಳಲ್ಲಿ ಶುಕ್ರವಾರದ ಅಭ್ಯಾಸದ ವೇಳೆ ಅನೇಕ ಗ್ಯಾಲರಿಗಳಲ್ಲಿ ಯಾರು ಬೇಕಾದರೂ ಕುಳಿತುಕೊಳ್ಳಬಹುದು. ನಿಮ್ಮ ಸರ್ಕ್ಯೂಟ್‌ನಲ್ಲಿ ಹಾಗಿದೆಯೇ ಎಂದು ಮೊದಲೇ ವಿಚಾರಿಸಿ. ಇದ್ದರೆ ಆ ದಿನವನ್ನು ಬಿಡಲೇಬೇಡಿ. ಒಳ್ಳೆಯ ಶೂ ಹಾಕಿಕೊಂಡು ಇಡೀ ಸುತ್ತು ನಡೆಯಿರಿ, ಒಂದೊಂದು ತಿರುವಿನಲ್ಲೂ ಹತ್ತು ನಿಮಿಷ ನಿಲ್ಲಿ. ಮುಂದಿನ ವರ್ಷ ಯಾವ ಸಾಲು, ಯಾವ ಅಂಕಿಯ ಆಸನ ಬೇಕು ಎಂದು ಬರೆದಿಟ್ಟುಕೊಳ್ಳಿ. ಈ ವರ್ಷದ ಆಸನ ಈಗಾಗಲೇ ಕೊಂಡಿದ್ದರೆ ಅಲ್ಲಿಗೂ ಹೋಗಿ ಕುಳಿತು, 100ರ ಹಲಗೆ ಎಲ್ಲಿದೆ ಎಂದು ಕಂಡುಕೊಳ್ಳಿ. ಭಾನುವಾರ ಮೊದಲ ಲ್ಯಾಪ್‌ನಲ್ಲಿ ಕಾರುಗಳೆಲ್ಲ ಒಟ್ಟಿಗೆ ಅದರತ್ತ ಬರುವಾಗ ನಿಮ್ಮ ಕಣ್ಣು ಆಗಲೇ ಅಲ್ಲಿರಬೇಕು.

[ದೃಶ್ಯ: 100ರ ಹಲಗೆ, ಸ್ಥಿರ. ದೂರದಿಂದ ಎಂಜಿನ್ ಸದ್ದು ಹತ್ತಿರವಾಗುತ್ತದೆ.]