ಹೆಸರಲ್ಲೇ ಬೋಳು

ಎಲ್ಲರಿಗೂ ನಮಸ್ಕಾರ. ಡಬ್ಲಿನ್ನಿನಲ್ಲಿ ನಾವು ಕನ್ನಡದವರು ಸೇರಿದರೆ ಮನೆ ಬಾಡಿಗೆ, ಮಳೆ, ಕರಿಬೇವು ಎಲ್ಲಿ ಸಿಗುತ್ತೆ, ಇಷ್ಟೇ ಮಾತು. ಇವತ್ತು ಬೊಕ್ಕ ತಲೆಯ ಬಗ್ಗೆ ಮಾತಾಡೋಣ. ಆ ಲೈಟ್ ಸ್ವಲ್ಪ ಆ ಕಡೆ ತಿರುಗಿಸಿ, ಹಿಂದೆ ಕೂತವರಿಗೆ ಕಣ್ಣು ಕುಕ್ಕುತ್ತಿರಬೇಕು.

28ಕ್ಕೇ ನನ್ನ ಮುಂದಲೆ ಖಾಲಿಯಾಯಿತು. ಎಡಗಿವಿ ಮೇಲಿನ ನಾಲ್ಕು ಎಳೆ ಉದ್ದ ಬಿಟ್ಟು, ಬಲಗಿವಿತನಕ ಎಳೆದು ಜೆಲ್ ಹಾಕಿ ಅಂಟಿಸುತ್ತಿದ್ದೆ. ಇಲ್ಲಿನ ಗಾಳಿ ಗೊತ್ತಲ್ಲ, ಲಿಫಿ ನದಿಯ ಸೇತುವೆ ದಾಟುವಷ್ಟರಲ್ಲಿ ನಾಲ್ಕೂ ಎದ್ದು ನಿಲ್ಲೋವು. ಆಫೀಸಿನ ಒಬ್ಬ ಐರಿಷ್ ಗೆಳೆಯ, ತಲೆ ನುಣ್ಣಗೆ ಬೋಳಿಸಿಕೊಂಡವನು, ಒಂದಿನ ಇದನ್ನು ನೋಡಿ ನಕ್ಕು, "ನನಗೆ ಹೆಸರಲ್ಲೇ ಬೋಳು ಇದೆ, ನಾನೆಲ್ಲಿ ಮುಚ್ಚಿಡಲಿ?" ಅಂದ.

ಅವನ ಮನೆತನದ ಹೆಸರು ಮಲ್ಲನ್. ಐರಿಷ್‌ನಲ್ಲಿ ಓ ಮ್ವೀಲಾನ್, ಅಂದರೆ 'ಬೋಳನ ವಂಶದವರು'. ಮ್ವೀಲ್ ಅಂದರೆ ಬೋಳು. ಕೊಂಬಿಲ್ಲದ ಹಸುವಿಗೂ ಅದೇ ಪದ, ಮರವಿಲ್ಲದ ಗುಡ್ಡಕ್ಕೂ ಅದೇ. ನಾವೂ ಬೋಳುಗುಡ್ಡ ಅಂತೀವಿ, ಅಲ್ವಾ? ಆದರೆ ನಮ್ಮಲ್ಲಿ ಯಾರನ್ನಾದರೂ ಬೋಳ ಅಂದು ನೋಡಿ, ಜಗಳ ಗ್ಯಾರಂಟಿ. ಇಲ್ಲಿ ಅದಕ್ಕೆ ಮರ್ಯಾದೆ ಬಂದದ್ದು ಸನ್ಯಾಸಿಗಳಿಂದ. ತಲೆ ಬೋಳಿಸಿಕೊಂಡವನು ದೇವರಿಗೆ ಸೇರಿದವನು, ಹಾಗಾಗಿ ಆ ಪದಕ್ಕೆ ಭಕ್ತ ಅನ್ನೋ ಅರ್ಥವೂ ಹತ್ತಿತು. ಮಲೋನ್ ಅನ್ನೋ ಇನ್ನೊಂದು ಐರಿಷ್ ಮನೆತನದ ಹೆಸರಲ್ಲೂ ಇದೇ ಪದವಿದೆ, ಅಂದರೆ ಸಂತ ಜಾನ್‌ನ ಭಕ್ತನ ವಂಶ. ನಮ್ಮಲ್ಲಿ ಹೆಸರಿಗೆ ದಾಸ ಸೇರಿಸುತ್ತೇವಲ್ಲ, ಹೆಚ್ಚುಕಮ್ಮಿ ಹಾಗೇ. ಐರಿಷ್ ಸನ್ಯಾಸಿಗಳು ಮುಂದಲೆ ಬೋಳಿಸುತ್ತಿದ್ದರು, ರೋಮಿನವರು ನಡುನೆತ್ತಿ. ಯಾವುದು ಸರಿ ಅಂತ 664ರಲ್ಲಿ ಇಂಗ್ಲೆಂಡಿನ ವಿಟ್ಬಿಯಲ್ಲಿ, ಈಸ್ಟರ್ ಯಾವತ್ತು ಅನ್ನೋ ದೊಡ್ಡ ಜಗಳದ ಜೊತೆಗೆ, ಇದಕ್ಕೂ ವಾದ ನಡೆಯಿತು. ಐರಿಷ್ ಕಡೆಯವರು ಸೋತರು. ನನ್ನ ತಲೆ ನೋಡಿದರೆ ನಾನು ಸೋತವರ ಪಕ್ಷ ಅಂತ ಗೊತ್ತಾಗುತ್ತೆ.

ಹೆಂಗಸರೂ ಇದ್ದಾರೆ. 1593ರಲ್ಲಿ ಎಲಿಜಬೆತ್ ರಾಣಿಯ ಮುಂದೆ ಹೋಗಿ ನಿಂತ ಕಡಲುಗಳ್ಳಿ ಗ್ರೇಸ್ ಓಮ್ಯಾಲಿಗೆ ಊರವರ ಅಡ್ಡಹೆಸರು 'ಬೋಳು ಗ್ರಾನ್ಯ'; ಗ್ರಾನ್ಯ ಅವಳ ಐರಿಷ್ ಹೆಸರು. ಹುಡುಗಿಯಾಗಿದ್ದಾಗ ಅಪ್ಪನ ಹಡಗು ಹತ್ತೋಕೆ ಕೂದಲು ಕತ್ತರಿಸಿಕೊಂಡಳಂತೆ. ಕಥೆಯೇ ಇರಬಹುದು, ಆದರೂ ನನಗಿಷ್ಟ.

ಇಷ್ಟೆಲ್ಲ ಕೇಳಿ ಆ ಶನಿವಾರವೇ ಕ್ಷೌರದ ಅಂಗಡಿಗೆ ಹೋಗಿ ಮೆಷಿನ್ ಹಾಕಿಸಿದೆ. ನಾಲ್ಕು ಎಳೆ ಬಿದ್ದವು, ಅವನು ಪೂರ್ತಿ ದುಡ್ಡೇ ತಗೊಂಡ.

ಒಂದು ತಮಾಷೆ ಉಳಿಯಿತು. ಬೊಕ್ಕ ತಲೆಗೆ ನೂರಾರು ಜೀನ್‌ಗಳ ಪಾಲಿದೆ, ಅಪ್ಪನ ಕಡೆಯದೂ ಬರುತ್ತೆ. ಆದರೆ ಎಲ್ಲಕ್ಕಿಂತ ಜೋರಾದದ್ದು ಇರೋದು ಎಕ್ಸ್ ಕ್ರೋಮೊಸೋಮಿನಲ್ಲಿ, ಅದು ಗಂಡುಮಕ್ಕಳಿಗೆ ಅಮ್ಮನಿಂದಲೇ ಬರೋದು. ಮಲ್ಲನ್ ಅನ್ನೋ ಹೆಸರು ಬಂದದ್ದು ಅಪ್ಪನಿಂದ! ಇದನ್ನು ಹೇಳಿದಾಗ ಗೆಳೆಯನ ಮುಖ ಸಣ್ಣಗಾಯಿತು. ಸಂಜೆ ಅಮ್ಮನಿಗೆ ಫೋನ್ ಮಾಡಿ, ನಿಮ್ಮಪ್ಪನ ತಲೆಯಲ್ಲಿ ಕೂದಲಿತ್ತಾ ಅಂತ ಕೇಳಿದ. ಆಯಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಗೊತ್ತಿಲ್ಲಪ್ಪ, ಅವರು ಟೋಪಿ ತೆಗೆದದ್ದನ್ನು ನಾನು ನೋಡಿಯೇ ಇಲ್ಲ" ಅಂದರಂತೆ.